ವರ್ಷದ ಕೊನೆಯ ಬರಹಕ್ಕೆ ಕೂರುವ ಮುನ್ನ

ಪ್ರಿಯ ಮಿತ್ರರೇ,

ವರ್ಷ ಮುಗಿಯುವ ಹೊತ್ತಿಗೆ ನಿಮ್ಮ ಬಗ್ಗೆಯೇ ಒಂದು ಬರಹ ಬರೆಯಬೇಕು, ಎಲ್ಲಿಂದ ಹಿಡಿಯುವುದೋ ತಿಳಿಯುತ್ತಿಲ್ಲ ಎಂದಿದ್ದೀರಿ. ಎಲ್ಲಿಂದಲಾದರೂ ಹಿಡಿಯಿರಿ, ‘ಈ ವರ್ಷ ನನಗೇನು ಕಲಿಸಿತು’ ಎಂಬ ಪ್ರಶ್ನೆಯಿಂದ ಮಾತ್ರ ಬೇಡ. ಅದನ್ನು ಕೇಳಿದ ಕೂಡಲೇ ಮನಸ್ಸು ಉತ್ತರವನ್ನು ಮೊದಲು ಸಿದ್ಧಮಾಡಿಕೊಂಡು, ಆಮೇಲೆ ಅದಕ್ಕೆ ಒಪ್ಪುವ ಘಟನೆಗಳನ್ನಷ್ಟೇ ಹುಡುಕಿ ತರುತ್ತದೆ. ಏನು ನಡೆಯಿತು ಎಂಬುದು ಮೊದಲು ಹಾಳೆಗಿಳಿಯಲಿ.

ಡಿಸೆಂಬರ್ 31ರ ರಾತ್ರಿ ಕೂತು ಮುಗಿಸುವ ಕೆಲಸವಲ್ಲ ಇದು. 10ನೇ ತಾರೀಖಿನ ಸುಮಾರಿಗೆ ಶುರುಮಾಡಿ. ದೊಡ್ಡ ಹಾಳೆಯಲ್ಲಿ 12 ಚೌಕ ಹಾಕಿ, ಒಂದೊಂದಕ್ಕೆ ಒಂದು ತಿಂಗಳ ಹೆಸರಿಡಿ. ಫೋನನ್ನು ಬೇರೆ ಕೋಣೆಯಲ್ಲಿಟ್ಟು 20 ನಿಮಿಷ ಬರೀ ನೆನಪಿನಿಂದ, ನೀಲಿ ಶಾಯಿಯಲ್ಲಿ ತುಂಬಿ. ನವೆಂಬರ್, ಡಿಸೆಂಬರ್ ಚೌಕಗಳಲ್ಲಿ ಜಾಗ ಸಾಲುವುದಿಲ್ಲ. ಮಾರ್ಚ್, ಏಪ್ರಿಲ್ ಬಹುತೇಕ ಖಾಲಿ ಉಳಿಯುತ್ತವೆ. ಗಾಬರಿ ಬೇಡ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತನ್ನ ಮರೆವನ್ನೇ ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಬೇಗ ಬೇಗ ಜಾರುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂದು ಕಂಡುಕೊಂಡ. ಬದುಕು ಅಕ್ಷರಗುಚ್ಛವಲ್ಲ, ನಿಜ. ಆದರೂ ಮಾರ್ಚ್ ತಿಂಗಳ ಒಂದು ಸಾದಾ ಮಂಗಳವಾರ, ಬರೆದಿಡದೆ ಹೋದರೆ, ಡಿಸೆಂಬರ್‌ವರೆಗೆ ತಾನಾಗಿ ಉಳಿಯುವುದು ಅಪರೂಪ.

ಮಾರನೇ ದಿನ ಪುರಾವೆಗಳನ್ನು ತೆಗೆಯಿರಿ. ಫೋಟೋಗಳು, ಕ್ಯಾಲೆಂಡರ್, ನೀವು ಕಳಿಸಿದ ಮೆಸೇಜುಗಳು, ಹಣ ಪಾವತಿಸಿದ ಪಟ್ಟಿ. ನೆನಪಿಗೆ ಬಾರದೇ ಇದ್ದದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ಸೇರಿಸಿ. ಒಂದು ಎಚ್ಚರಿಕೆ: ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋ ಸಾಮಾನ್ಯವಾಗಿ ತೋರಿಸುವುದು ನಿಮಗೆ ತಲುಪಿದ ದಿನವನ್ನು, ತೆಗೆದ ದಿನವನ್ನಲ್ಲ. ಅದನ್ನು ನಂಬಿ ತಿಂಗಳು ತಪ್ಪಿಸಬೇಡಿ. ಫೋಟೋಗಳಿಗೆ ಇನ್ನೊಂದು ಕುಂದೂ ಇದೆ, ಅವು ನಗುವಿನ ದಿನಗಳನ್ನೇ ಹೆಚ್ಚಾಗಿ ಹಿಡಿದಿರುತ್ತವೆ. ಜಗಳವಾಡುವಾಗ ಯಾರು ಫೋಟೋ ತೆಗೆಯುತ್ತಾರೆ? ಅದನ್ನು ಮೆಸೇಜುಗಳಲ್ಲಿ, ಅದರಲ್ಲೂ ಉತ್ತರ ಬಾರದೆ ನಿಂತುಹೋದವುಗಳಲ್ಲಿ ಹುಡುಕಬೇಕು.

ಈಗ ನೀಲಿಯನ್ನೂ ಕೆಂಪನ್ನೂ ಒಟ್ಟಿಗೆ ಓದಿ. ಏಪ್ರಿಲ್‌ನಲ್ಲಿ 11 ದಿನ ಆಸ್ಪತ್ರೆಗೆ ಓಡಾಡಿದ್ದು ಕೆಂಪಿನಲ್ಲಿದೆ, ನೀಲಿಯಲ್ಲಿ ಅದರ ಸುದ್ದಿಯೇ ಇಲ್ಲ ಎನ್ನೋಣ. ಅಷ್ಟು ದೊಡ್ಡದನ್ನು ಮನಸ್ಸು ಯಾಕೆ ಬಿಟ್ಟುಕೊಟ್ಟಿತು? ಅದೇ ತಿಂಗಳ ಒಂದು ಚಿಕ್ಕ ಅವಮಾನವನ್ನು ಮಾತ್ರ ಯಾಕೆ ಜೋಪಾನ ಮಾಡಿತು? ನಿಮ್ಮ ಬರಹ ಇರುವುದು ಇಲ್ಲೇ. ಹಾಳೆಯಲ್ಲಿ 40 ನಮೂದುಗಳಿದ್ದರೆ ಹೀಗೆ ತಡೆದು ನಿಲ್ಲಿಸುವ 3 ಆರಿಸಿ, ಎರಡು ದಿನ ಬಿಟ್ಟು ಅದರಲ್ಲಿ ಒಂದನ್ನು ಉಳಿಸಿಕೊಳ್ಳಿ. 12 ತಿಂಗಳಿಗೂ ಒಂದೊಂದು ಪ್ಯಾರಾ ಕೊಟ್ಟರೆ ಅದು ವಾರ್ಷಿಕ ವರದಿಯಾಗುತ್ತದೆ.

ಮೊದಲ ಕರಡು 1,200 ಪದವಾಗಲಿ, ಕೊನೆಗೆ 700ಕ್ಕೆ ಇಳಿಸಿ. ಮೊದಲ ಪ್ಯಾರಾ ಸಾಮಾನ್ಯವಾಗಿ ಗಂಟಲು ಸರಿಮಾಡಿಕೊಳ್ಳುವ ಸದ್ದು; ತೆಗೆದು ನೋಡಿ, ಹೆಚ್ಚಿನ ಸಲ ನಷ್ಟವಿರುವುದಿಲ್ಲ. ‘ಏಳುಬೀಳು’, ‘ಸಿಹಿಕಹಿ’, ‘ಕಾಲ ಯಾರಿಗೂ ಕಾಯುವುದಿಲ್ಲ’, ಇವು ಕಂಡಲ್ಲಿ ಗೆರೆ ಹೊಡೆದು, ಆ ಜಾಗದಲ್ಲಿ ಏನು ನಡೆದಿತ್ತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ‘ಈ ವರ್ಷ ಒಂಟಿತನ ಕಾಡಿತು’ ಎನ್ನುವುದನ್ನು ಯಾರು ಬೇಕಾದರೂ ಬರೆದಾರು. ‘ಜುಲೈ ತಿಂಗಳ ಕಾಲ್ ಲಿಸ್ಟ್‌ನಲ್ಲಿ ಮನೆಯವರದ್ದು ಬಿಟ್ಟರೆ ಇದ್ದದ್ದು ಒಂದೇ ನಂಬರ್, ಅದೂ ರಾಂಗ್ ನಂಬರ್’ ಎಂದು ಬರೆಯಿರಿ. ಒಂಟಿತನ ಎಂಬ ಪದವೇ ಬೇಕಾಗುವುದಿಲ್ಲ.

ನಮ್ಮ ಭಾಷೆಯಲ್ಲಿ ಇಂಥ ಬರಹಕ್ಕೆ ಒಂದು ತೊಡಕಿದೆ. ‘ಹೋದೆ, ನೋಡಿದೆ, ಅತ್ತೆ, ಬಂದೆ’ ಎಂದು ಕ್ರಿಯಾಪದಗಳೆಲ್ಲ ಒಂದೇ ದನಿಯಲ್ಲಿ ಮುಗಿಯುತ್ತವೆ. ಗಟ್ಟಿಯಾಗಿ ಓದಿದರೆ ಮೂರನೇ ವಾಕ್ಯಕ್ಕೇ ಕಿವಿಗೆ ಬಡಿಯುತ್ತದೆ. ಒಂದೆರಡನ್ನು ‘ಹೋಗಿ’, ‘ನೋಡುತ್ತ’ ಎಂದು ಮುಂದಿನ ವಾಕ್ಯಕ್ಕೆ ಹೊಸೆಯಿರಿ, ಒಂದು ವಾಕ್ಯದ ಕರ್ತೃವನ್ನು ಬಾಗಿಲಿಗೋ ಮಳೆಗೋ ಬಿಟ್ಟುಕೊಡಿ. ಕ್ರಿಯಾಪದವೇ ‘ನಾನು’ ಎನ್ನುತ್ತಿರುವಾಗ ಪ್ರತಿ ಸಾಲಿಗೂ ‘ನಾನು’ ಬೇಕಿಲ್ಲ. ಹೇಳಲು ಸಂಕೋಚವಾದ ಕಡೆ ‘ನಾವು’, ‘ಮನುಷ್ಯ’ ಎಂದು ಜಾರಿಕೊಂಡಿದ್ದೀರಾ ಎಂದೂ ನೋಡಿಕೊಳ್ಳಿ. ಅಲ್ಲಿ ಮಾತ್ರ ‘ನಾನು’ ಬರಲೇಬೇಕು.

ಬರಹದಲ್ಲಿ ಬರುವ ಬೇರೆಯವರ ಕಾಯಿಲೆ, ಸಾಲ, ಮುರಿದ ಸಂಬಂಧ ನಿಮ್ಮ ಸ್ವತ್ತಲ್ಲ. ಹೆಸರು ಬದಲಿಸಿದರೂ ಹತ್ತಿರದವರಿಗೆ ಗುರುತು ಸಿಗುತ್ತದೆ. ಪ್ರಕಟಿಸುವ ಮುಂಚೆ ಆ ಭಾಗವನ್ನು ಅವರಿಗೆ ಓದಲು ಕೊಡಿ. ಬೇಡ ಎಂದರೆ ತೆಗೆದುಬಿಡಿ.

ಕೊನೆಯಲ್ಲಿ ಮುಂದಿನ ವರ್ಷದ ಸಂಕಲ್ಪಗಳ ಪಟ್ಟಿ ಹಾಕುವ ಆಸೆಯಾಗುತ್ತದೆ. ಅದು ಡೈರಿಯಲ್ಲಿರಲಿ. ಓದುಗರು ನಿಮ್ಮ ಜೊತೆ ಏಪ್ರಿಲ್‌ವರೆಗೆ ನಡೆದು ಬಂದಿದ್ದಾರೆ, ಅವರನ್ನು ಅಲ್ಲೇ, ಆ ಆಸ್ಪತ್ರೆಯ ಬೆಂಚಿನ ಮೇಲೇ ಕೂರಲು ಬಿಡಿ.

12 ಚೌಕದ ಹಾಳೆಯನ್ನು ಎಸೆಯಬೇಡಿ. ಜನವರಿ 1ಕ್ಕೆ ಹೊಸದೊಂದು ಹಾಳೆ ಮಾಡಿ ಗೋಡೆಗೆ ಅಂಟಿಸಿ, ಪ್ರತಿ ಭಾನುವಾರ ಎರಡು ಸಾಲು. ವರ್ಷಕ್ಕೆ ನೂರು ಸಾಲು ದಾಟುತ್ತದೆ. ಕರಡು ಆದಾಗ ಕಳಿಸಿ, ಓದುತ್ತೇನೆ.

ವಿಶ್ವಾಸದಿಂದ,
ನಿಮ್ಮ ಹಿರಿಯ ಮಿತ್ರ