ಹೊಲಕ್ಕೆ ಎಣ್ಣೆ ಹೊಡೆಯುವ ಕೂಲಿಯವರನ್ನು ಕೇಳುವವರು ಯಾರು?

ಮಾನ್ಯ ಸಂಪಾದಕರೇ,

ಮಾನ್ವಿ, ದೇವದುರ್ಗ, ಸಿಂಧನೂರು ಕಡೆಯ ಹತ್ತಿ ಹೊಲಗಳಲ್ಲಿ ಈಗ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಕೆಲಸ ಜೋರಾಗಿದೆ. ಹುಳ ಎಷ್ಟು ಬಿದ್ದಿದೆ, ಇಳುವರಿ ಎಷ್ಟು ಹೋಯಿತು ಅನ್ನುವ ಸುದ್ದಿ ಬರುತ್ತಲೇ ಇರುತ್ತದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆಯುವವರ ಮೈಗೆ ಏನಾಗುತ್ತಿದೆ ಅನ್ನುವುದು ಮಾತ್ರ ಸುದ್ದಿಯಾಗುವುದಿಲ್ಲ.

ನಮ್ಮೂರ ಹೊಲಗಳಲ್ಲಿ ಕಂಡದ್ದನ್ನೇ ಬರೆಯುತ್ತಿದ್ದೇನೆ. ಬಾಟಲಿ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆಯುತ್ತಾರೆ. ಎರಡು ಮೂರು ಬಗೆಯ ಔಷಧ ಒಂದೇ ಬಕೆಟ್‌ಗೆ ಸುರಿದು ಬರಿಗೈಯಲ್ಲೇ ಕಲಸುತ್ತಾರೆ. ನಾಝಲ್ ಕಟ್ಟಿಕೊಂಡರೆ ಬಾಯಿಟ್ಟು ಊದುತ್ತಾರೆ. ಮುಖಕ್ಕೆ ಸುತ್ತಿದ ಟವೆಲ್ ಸ್ವಲ್ಪ ಹೊತ್ತಿಗೇ ಎಣ್ಣೆಯಲ್ಲಿ ತೊಯ್ದು ಮೂಗಿಗೆ ಅಂಟಿಕೊಳ್ಳುತ್ತದೆ. ಕೂಲಿ ಪಂಪಿಗೆ ಇಷ್ಟು ಅಂತ ಇರುವುದರಿಂದ ಗಾಳಿ ಎದುರಾದರೂ ನಿಲ್ಲಿಸುವ ಹಾಗಿಲ್ಲ. ಇದರಲ್ಲಿ ಅವರ ತಪ್ಪು ಹುಡುಕುವುದು ಅನ್ಯಾಯ. ಅವರ ಕೈಗೆ ಗ್ಲೌಸ್ ಕೊಟ್ಟವರಾದರೂ ಯಾರು?

ಸಂಜೆಗೆ ತಲೆ ಸುತ್ತುತ್ತದೆ. ವಾಂತಿ, ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು. ಬಿಸಿಲು ಬಡಿದಿದೆ ಎಂದು ಮಜ್ಜಿಗೆ ಕುಡಿಸಿ ಮಲಗಿಸುತ್ತಾರೆ. ಆದರೆ ಇವು ಹಲವು ಕೀಟನಾಶಕಗಳಲ್ಲಿರುವ ಆರ್ಗನೋಫಾಸ್ಫೇಟ್ ಜಾತಿಯ ವಿಷ ಏರಿದ ಗುರುತುಗಳು. ನರ ಮತ್ತು ಸ್ನಾಯು ಹಿಡಿತದಲ್ಲಿ ಇರಲು ಬೇಕಾದ ಒಂದು ಕಿಣ್ವವನ್ನೇ ಈ ವಿಷ ಕಟ್ಟಿಹಾಕುತ್ತದೆ. ಹುಳ ಸಾಯುವುದೂ ಹೀಗೇ. ಚರ್ಮದ ಮೂಲಕವೂ ಅದು ಮೈಗೆ ಇಳಿಯುತ್ತದೆ. ಹೆಚ್ಚಾದರೆ ಉಸಿರು ನಿಲ್ಲುತ್ತದೆ. ಈ ವಿಷಕ್ಕೆ ಪ್ರತಿಯಾಗಿ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಬೇಗ ಸಿಕ್ಕರೆ ಎಷ್ಟೋ ಜೀವ ಉಳಿಯುತ್ತವೆ. ಕಳೆಗೆ ಹೊಡೆಯುವ ಪ್ಯಾರಾಕ್ವಾಟ್‌ಗಂತೂ ಪ್ರತಿವಿಷವೇ ಇಲ್ಲ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿದ್ದ ಸುಮಾರು 20 ಮಂದಿ ಸತ್ತರು. ಆ ವರ್ಷ ಹತ್ತಿ ಆಳೆತ್ತರ ಬೆಳೆದಿತ್ತು. ಹೊಡೆದದ್ದು ಮುಖದ ಮೇಲೇ ಬೀಳುತ್ತಿತ್ತು. ನಮ್ಮಲ್ಲೂ ಅದೇ ಹತ್ತಿ, ಅದೇ ಪಂಪು ಅಲ್ವಾ?

ಇಷ್ಟಾದರೂ ಹುಳ ಹೋಗಿದೆಯೇ? 2002ರಲ್ಲಿ ಕಾಯಿಕೊರಕ ಹುಳವನ್ನು ತಾನೇ ಕೊಲ್ಲುವ ಬಿಟಿ ಹತ್ತಿ ಬಂದಾಗ ಔಷಧದ ಖರ್ಚು ಉಳಿಯುತ್ತದೆ ಎಂದಿದ್ದರು. ಗುಲಾಬಿ ಕಾಯಿಕೊರಕ ಅದನ್ನೂ ಅರಗಿಸಿಕೊಂಡಿದೆ. ಒಂದೇ ಔಷಧ ಮತ್ತೆ ಮತ್ತೆ ಬಿದ್ದಾಗ, ಸಾಯದೆ ಉಳಿದ ಹುಳದ ಸಂತತಿಯೇ ಹೆಚ್ಚುತ್ತದೆ. ಹುಳ ತಿನ್ನುವ ಜೇಡ, ಗುಲಗಂಜಿ ಹುಳ ಸುಮ್ನೆ ಸಾಯುತ್ತವೆ. ಆಮೇಲೆ ಅಂಗಡಿಯವರು ಇನ್ನೂ ಜಾಸ್ತಿ ಖಾರದ್ದು ಕೊಡುತ್ತಾರೆ. ಬಹಳ ರೈತರಿಗೆ ಸಲಹೆ ಕೊಡುವವರು, ಸಾಲ ಕೊಡುವವರು ಎರಡೂ ಅವರೇ.

ಸರ್ಕಾರ ಮಾಡಿದ್ದು ಏನು? 2020ರಲ್ಲಿ ಕೇಂದ್ರ 27 ಕೀಟನಾಶಕಗಳ ನಿಷೇಧಕ್ಕೆ ಕರಡು ಹೊರಡಿಸಿತು. 2023ರಲ್ಲಿ ಆದೇಶ ಬಂದಾಗ ಪೂರ್ತಿ ನಿಷೇಧವಾದದ್ದು ಮೂರೇ. ಕೂಲಿಯವರಿಗೆ ರಕ್ಷಣಾ ಉಡುಪು ಕೊಡಬೇಕು ಎಂದು 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಹೊಲದಲ್ಲಿ ಅದನ್ನು ಕಂಡವರಿಲ್ಲ.

ರೈತ ಸಂಪರ್ಕ ಕೇಂದ್ರಗಳಲ್ಲಿ ಬೀಜ, ಔಷಧದ ಜೊತೆಗೆ ಗ್ಲೌಸ್, ಮಾಸ್ಕ್, ಕನ್ನಡಕವನ್ನೂ ಸಹಾಯಧನದಲ್ಲಿ ಕೊಡಲಿ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳಲ್ಲಿ ಕೆಂಪೇ ಎಲ್ಲಕ್ಕಿಂತ ಅಪಾಯದ್ದು ಎಂದು ಓದಲು ಬಾರದವರಿಗೂ ಊರೂರಲ್ಲಿ ತಿಳಿಸಲಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಂಗಾಮಿನುದ್ದಕ್ಕೂ ಅಟ್ರೋಪಿನ್ ಸಾಕಷ್ಟು ಇರಲಿ, ರಾತ್ರಿಯೂ ಅದನ್ನು ಕೊಡುವವರಿರಲಿ. ವಿಷ ಏರಿದವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಹೊಡೆದ ಔಷಧದ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ ಎಂದು ಜನರಲ್ಲಿ ನನ್ನ ಕಳಕಳಿಯ ವಿನಂತಿ. ಯಾವ ವಿಷ ಅನ್ನುವುದು ಡಾಕ್ಟರಿಗೆ ಅದರಿಂದಲೇ ಬೇಗ ತಿಳಿಯುತ್ತದೆ.

– ಒಬ್ಬ ಓದುಗ, ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ