ಕೆರೆ ಹೂಳೆತ್ತುವ ಮೊದಲು ಒಮ್ಮೆ ಕಾನಿಗೆ ಬನ್ನಿ

ಮಾನ್ಯ ಶಾಸಕರೇ,

ನಮಸ್ಕಾರ. ಹೋದ ಏಪ್ರಿಲ್‌ನಲ್ಲಿ ನಮ್ಮೂರಿಗೆ ಟ್ಯಾಂಕರ್ ನೀರು ಬಂತು. ಮಳೆಗಾಲದಲ್ಲಿ ಮೂರು ತಿಂಗಳು ಬಟ್ಟೆ ಒಣಗದ ಊರು ನಮ್ಮದು. ಹೊಗೆ ವಾಸನೆ ಬಂದರೂ ಪರವಾಗಿಲ್ಲ ಅಂತ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ. ಅದೇ ಊರಲ್ಲಿ ಕೊಡ ಹಿಡಿದು ಸಾಲು ನಿಂತೆವು. ಬೆಂಗಳೂರಿನಲ್ಲಿರುವ ತಂಗಿಗೆ ಫೋಟೋ ಕಳಿಸಿದೆ. "ಇದು ಯಾವೂರು ಅಣ್ಣ?" ಅಂತ ಕೇಳಿದಳು.

ನಮ್ಮ ಕೆರೆಗೆ ನೀವು ದುಡ್ಡು ತಂದಿರಿ, ಮರೆತಿಲ್ಲ. ಹಿಟಾಚಿ ಬಂತು, ಹೂಳು ತೆಗೆದರು, ಏರಿಗೆ ಕಲ್ಲು ಕಟ್ಟಿದರು. ಕೆಲಸ ಚೆನ್ನಾಗಿಯೇ ಆಯಿತು. ಆದರೆ ಮುಂದಿನ ಜುಲೈನಲ್ಲಿ ಕೆರೆಗೆ ಬಂದ ನೀರು ಇಟ್ಟಿಗೆ ಕಲಸಿದ ಬಣ್ಣದ್ದು. ಎರಡೇ ಮಳೆಗಾಲಕ್ಕೆ ತೂಬಿನ ಹತ್ತಿರ ಮತ್ತೆ ಹೂಳು. ಆ ಮಣ್ಣು ಎಲ್ಲಿಂದ ಬಂತು ಅಂತ ನೋಡೋಕೆ ಯಾರೂ ಗುಡ್ಡ ಹತ್ತಲಿಲ್ಲ. ನಾನು ಹತ್ತಿದೆ.

ಅದಕ್ಕೂ ಮೊದಲು ನಮ್ಮ ಮನೆಯ ಅಬ್ಬಿ ನೀರಿನ ವಿಷಯ ಹೇಳಬೇಕು. ಅಜ್ಜಿಯ ಕಾಲದಲ್ಲಿ ಕಾನಿನ, ಅಂದರೆ ಗುಡ್ಡದ ಹಳೆಯ ನಿತ್ಯಹಸಿರು ಕಾಡಿನ, ಬುಡದ ಒರತೆಯಿಂದ ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ ನೀರು ಸೀದಾ ಬಚ್ಚಲಿಗೆ ಬರುತ್ತಿತ್ತು. ಪಂಪೂ ಇಲ್ಲ, ಕರೆಂಟೂ ಇಲ್ಲ. ಹಗಲೂ ರಾತ್ರಿ ಸುರಿಯುವ ಸದ್ದು. ರಾತ್ರಿ ಸದ್ದು ನಿಂತರೆ ಅಜ್ಜಿಗೆ ಎಚ್ಚರವಾಗುತ್ತಿತ್ತು. ದಬ್ಬೆಗೆ ದರಗು (ಒಣಗಿದ ಎಲೆ) ಸಿಕ್ಕಿರಬೇಕು ಅಂತ ಲಾಟೀನು ಹಿಡಿದು ಹೊರಡುತ್ತಿದ್ದಳು. ದಬ್ಬೆ ಹೋಗಿ ಕಪ್ಪು ಪೈಪು ಬಂತು, ನೀರು ಮಾತ್ರ ಮೇ ತಿಂಗಳಲ್ಲೂ ಇರುತ್ತಿತ್ತು. ಈಗ ಶಿವರಾತ್ರಿ ಹೊತ್ತಿಗೆ ನಿಂತುಹೋಗುತ್ತದೆ. ಪಕ್ಕದ ಮನೆಯವರು 400 ಅಡಿ ಬೋರ್ ಹೊಡೆಸಿದರು. ಬಂದದ್ದು ಬರೀ ಧೂಳು.

ಗುಡ್ಡ ಹತ್ತಿದಾಗ ನಾನೂ ಅಣ್ಣನ ಮಗನೂ ಒಂದು ಕೆಲಸ ಮಾಡಿದೆವು. ಎಣ್ಣೆ ಡಬ್ಬದ ತಳ ಕತ್ತರಿಸಿ ನೆಲಕ್ಕೆ ಒತ್ತಿ ನಿಲ್ಲಿಸಿ, ಒಳಗೆ ಒಂದು ಚೊಂಬು ನೀರು ಸುರಿದೆವು. ಉಳಿದಿರುವ ಚೂರು ಕಾನಿನೊಳಗೆ ಮೊದಲು. ದರಗು ಸರಿಸಿದರೆ ಕೆಳಗೆ ಕಾಫಿಪುಡಿಯಂಥ ಕಪ್ಪು ಮಣ್ಣು, ಅದರ ತುಂಬ ಬೇರು. ಹುಡುಗ ಮೊಬೈಲ್‌ನಲ್ಲಿ ಟೈಮ್ ನೋಡೋದರೊಳಗೆ ನೀರು ಮಾಯ. ಆಮೇಲೆ ಪಕ್ಕದ ಅಕೇಶಿಯಾ ತೋಪಿನಲ್ಲಿ. ಕೂತು ಎಲೆ ಅಡಿಕೆ ಹಾಕಿ ಉಗಿದು ಬಂದರೂ ನೀರು ಡಬ್ಬದಲ್ಲೇ ಇತ್ತು. ಶುಂಠಿ ಬೆಳೆದು ಬಿಟ್ಟ ಜಾಗದಲ್ಲಂತೂ ಡಬ್ಬ ನೆಲಕ್ಕೆ ಇಳಿಯಲೇ ಇಲ್ಲ.

ಇದು ದೊಡ್ಡ ವಿಜ್ಞಾನವೇನಲ್ಲ. ನಮಗೆ ವರ್ಷದ ನೀರೆಲ್ಲ ಬೀಳುವುದು ಮೂರ್ನಾಲ್ಕು ತಿಂಗಳಲ್ಲಿ. ಅದನ್ನು ನೆಲದೊಳಗೆ ಹಿಡಿದಿಟ್ಟು ಉಳಿದ ತಿಂಗಳು ನಿಧಾನಕ್ಕೆ ಬಿಡುವುದು ಕಾನಿನ ಮಣ್ಣು. ಅದು ಹೋದರೆ ನೀರು ಮೇಲ್ಮೇಲೇ ಓಡುತ್ತದೆ, ಹೋಗುವಾಗ ಮಣ್ಣನ್ನೂ ಕರೆದುಕೊಂಡು ಹೋಗುತ್ತದೆ. ನಿಮ್ಮ ಕೆರೆಗೆ ಬಂದದ್ದು ಅದೇ.

ಕಾನು ಅಂದರೆ ಬರೀ ಕಾಡಲ್ಲ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಮೆಣಸು, ಉಪ್ಪಾಗೆ, ಮುರುಗಲು, ಬೈನೆ ಎಲ್ಲ ಅಲ್ಲಿಂದಲೇ. 1868ರಲ್ಲಿ ಬ್ರಾಂಡಿಸ್, ಗ್ರಾಂಟ್ ಎಂಬಿಬ್ಬರು ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಸೊರಬ ತಾಲೂಕಿನ ಕಾನುಗಳ ಮೇಲೆ ಒಂದು ವರದಿಯನ್ನೇ ಬರೆದರು. ಅದರಲ್ಲಿ ಲೆಕ್ಕ ಸಿಕ್ಕ ಕಾನುಗಳು 171. ಕುದುರೆ ಮೇಲೆ ಓಡಾಡುವ ಕಾಲದಲ್ಲಿ ಅವರು ಎಣಿಸಿದರು. ನಮಗೆ ಈಗ ಡ್ರೋನ್ ಇದೆ, ಅಲ್ವಾ?

ಅಕೇಶಿಯಾ ಕಥೆ ನಿಮಗೇ ಗೊತ್ತು. ಭದ್ರಾವತಿಯ ಕಾಗದ ಕಾರ್ಖಾನೆ ಎಂಪಿಎಂಗೆ ನೆಡುತೋಪಿಗೆಂದು 1980ರಲ್ಲಿ 40 ವರ್ಷಕ್ಕೆ ಕೊಟ್ಟ ಅರಣ್ಯ ಭೂಮಿಯ ಅವಧಿ 2020ರಲ್ಲಿ ಮುಗಿಯಿತು. ಅಷ್ಟರಲ್ಲಿ ಕಾರ್ಖಾನೆಯೇ ನಿಂತಿತ್ತು. ಆದರೂ ಮತ್ತೆ 40 ವರ್ಷ ಮುಂದುವರಿಸಿದರು. ಕಾಗದವಿಲ್ಲದ ಕಾಗದದ ಮರ! ಅದರ ಎಲೆಯನ್ನು ನಮ್ಮ ಹಸು ಮೂಸುವುದೂ ಇಲ್ಲ. ಗೊಬ್ಬರಗುಂಡಿಗೆ ಹಾಕಿದರೆ ಬೇಗ ಕೊಳೆಯುವುದೂ ಇಲ್ಲ.

ಎಲ್ಲ ತಪ್ಪೂ ಸರ್ಕಾರದ್ದೇ ಅಂದರೆ ನಮ್ಮೂರವರೇ ನಗುತ್ತಾರೆ. ನಮ್ಮದೂ ಹೇಳಿಬಿಡುತ್ತೇನೆ. ಅಡಿಕೆಗೆ ರೇಟು ಬಂದ ವರ್ಷ ಅಪ್ಪ ಕಾನಿನ ಅಂಚಿನಲ್ಲಿ ಅರ್ಧ ಎಕರೆ ಸವರಿ ಸಸಿ ನೆಟ್ಟರು. ಆ ತೋಟದ ದುಡ್ಡಿನಲ್ಲೇ ನಾನು ಓದಿದ್ದು. ಈಗ ಆ ಗಿಡಗಳಿಗೇ ಮಾರ್ಚ್‌ನಲ್ಲಿ ನೀರಿಲ್ಲ. ಹಾಗಾಗಿ ಬಡವರಿಗೆ ಜಮೀನು ಕೊಡಬೇಡಿ ಅಂತ ಹೇಳುವ ಮುಖ ನನಗಿಲ್ಲ. ನಾನು ಕೇಳುತ್ತಿರುವುದು ಬೇರೆ.

ಬಗರ್‌ಹುಕುಂ ಸಮಿತಿಗೆ ನೀವೇ ಅಧ್ಯಕ್ಷರು. ಸಾಗುವಳಿ ಮಾಡಿದ ಸರ್ಕಾರಿ ಜಮೀನು ಸಕ್ರಮ ಮಾಡಿಕೊಡಿ ಅಂತ ಹಾಕುವ ನಮೂನೆ 57ರ ಅರ್ಜಿಗಳು ನಿಮ್ಮ ಮುಂದೆಯೇ ಬರುತ್ತವೆ. ಪಹಣಿಯಲ್ಲಿ ಕಾನು ಅಂತ ಇರುವ ಸರ್ವೆ ನಂಬರ್ ಬಂದರೆ ಅದನ್ನು ಪಕ್ಕಕ್ಕಿಡಿ. ಕಂದಾಯದವರು ಅರಣ್ಯದವರನ್ನು, ಅರಣ್ಯದವರು ಕಂದಾಯದವರನ್ನು ತೋರಿಸುವುದು ಸಾಕಾಗಿದೆ. ಇಬ್ಬರನ್ನೂ ಒಂದೇ ಜೀಪಿನಲ್ಲಿ ಕೂರಿಸಿ ಕಾನಿಗೆ ಕಳಿಸಿ. ಗಡಿ ಗುರುತಿಸಿ ಕಲ್ಲು ನೆಡಲಿ. ಅಲ್ಲಿಯವರೆಗೆ ಆ ಕೆರೆಗೆ ಇನ್ನೊಂದು ಹೂಳಿನ ಬಿಲ್ಲು ಬೇಡ.

ಪಂಚಾಯ್ತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಅಂತ 2002ರ ಕಾನೂನೇ ಹೇಳುತ್ತದೆ. ನಮ್ಮಲ್ಲಿ ಅದು ಇದ್ದರೂ ಸದಸ್ಯರಿಗೇ ಗೊತ್ತಿಲ್ಲ. ಸಾಗರ ತಾಲೂಕಿನ ಅಂಬಾರಗುಡ್ಡವನ್ನು ಇದೇ ಕಾನೂನಿನಡಿ ಜೀವವೈವಿಧ್ಯ ಪಾರಂಪರಿಕ ತಾಣ ಮಾಡಿದ್ದಾರೆ. ಅಂದಮೇಲೆ ದಾರಿ ಇಲ್ಲ ಅನ್ನುವ ಹಾಗಿಲ್ಲ.

ಇದು ಬರೀ ನಮ್ಮ ತೋಟದ ಮಾತೂ ಅಲ್ಲ. ಇಕ್ಕೇರಿ ಹತ್ತಿರದ ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಹಾವೇರಿ ಜಿಲ್ಲೆಗೆ ಹರಿದು ಅಲ್ಲಿ ತುಂಗಭದ್ರೆ ಸೇರುತ್ತದೆ. ಇಲ್ಲಿನ ಒರತೆ ಬತ್ತಿದರೆ ಅಲ್ಲಿನ ಬಾವಿಗೂ ಬಿಸಿ ತಟ್ಟುತ್ತದೆ.

ನಿಮ್ಮನ್ನು ಕರೆದುಕೊಂಡು ಹೋಗಿ ಆ ಡಬ್ಬ, ಚೊಂಬಿನ ಆಟ ಇನ್ನೊಮ್ಮೆ ತೋರಿಸುತ್ತೇನೆ. ಒಂದು ಗಂಟೆಯ ಕೆಲಸ. ಊಟ ನಮ್ಮ ಮನೆಯಲ್ಲೇ. ಆದರೆ ಏಪ್ರಿಲ್‌ನಲ್ಲೇ ಬನ್ನಿ. ಜೂನ್ ಆದಮೇಲೆ ಬಂದರೆ ಎಲ್ಲಿ ನೋಡಿದರೂ ನೀರೇ ಕಾಣುತ್ತದೆ. ಕಾಲಿಗೆ ನಾಲ್ಕು ಇಂಬಳ (ಕಾಡಿನ ಜಿಗಣೆ) ಹತ್ತಿಸಿಕೊಂಡು, ಈ ಮನುಷ್ಯ ಸುಮ್ನೆ ಸುಳ್ಳು ಬರೆದಿದ್ದಾನೆ ಅಂದುಕೊಂಡು ವಾಪಸ್ ಹೋಗುತ್ತೀರಿ.

ಇಂತಿ,
ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ