ಎಪಿಕ್ಲೋರೋಹೈಡ್ರಿನ್ ಬಾಟಲಿ ತೆರೆಯುವ ಮುನ್ನ

ಪ್ರೀತಿಯ ಪುಟ್ಟಿ,

ದೊಡ್ಡಪ್ಪನ ಆಶೀರ್ವಾದಗಳು. ಮುಂದಿನ ವಾರದಿಂದ ನಿನಗೆ ಎಸ್-ಎಪಿಕ್ಲೋರೋಹೈಡ್ರಿನ್ ಅನ್ನೋ ದ್ರವ ರಾಸಾಯನಿಕದ ಜೊತೆ ಕೆಲಸ ಅಂತ ನಿನ್ನ ಅಮ್ಮ ಹೇಳಿದಳು. ಅವಳಿಗೆ ಅದೊಂದು ಉದ್ದದ ಹೆಸರು. ನನಗೆ ಅದರ ಸಹವಾಸ ಗೊತ್ತು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೋಡೋಕೆ ನೀರಿನಷ್ಟೇ ತಿಳಿ. ತೂಕ ಮಾತ್ರ ಜಾಸ್ತಿ, ಎಂಎಲ್‌ಗೆ ಸುಮಾರು 1.18 ಗ್ರಾಂ. ಕುದಿಯೋದು 117 ಡಿಗ್ರಿ ಆಸುಪಾಸಿನಲ್ಲಿ. ಆದರೆ ಕಿಡಿ ಸಿಕ್ಕರೆ 30 ಚಿಲ್ಲರೆ ಡಿಗ್ರಿಗೇ ಆವಿ ಹೊತ್ತಿಕೊಳ್ಳುತ್ತದೆ. ನಮ್ಮ ಬೇಸಿಗೆಯ ಮಧ್ಯಾಹ್ನ ಅಷ್ಟು ಬಿಸಿ ಇದ್ದೇ ಇರುತ್ತೆ, ಅಲ್ವಾ?

ಮೂಗನ್ನು ನಂಬಬೇಡ. ಕೆಲಸದ ಜಾಗದ ಆರೋಗ್ಯ ನೋಡುವ ಅಮೆರಿಕದ ಎಸಿಜಿಐಎಚ್ ಸಂಸ್ಥೆ ಗಾಳಿಯಲ್ಲಿ 0.5 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಅರ್ಧ ಭಾಗ, ದಾಟಬಾರದು ಅನ್ನುತ್ತದೆ. ಆ ಘಾಟು ನಿನಗೆ ತಿಳಿಯುವ ಹೊತ್ತಿಗೆ ಮಿತಿ ದಾಟಿ ಹೋಗಿರುತ್ತದೆ. ತೂಗೋದು, ಸುರಿಯೋದು, ರೋಟಾವೇಪರ್‌ನಲ್ಲಿ ಆವಿ ಮಾಡಿ ಇಳಿಸೋದು ಎಲ್ಲವೂ ಆವಿ ಹೀರಿ ಹೊರಹಾಕುವ ಫ್ಯೂಮ್ ಹುಡ್ ಒಳಗೇ ಆಗಲಿ.

ಔಷಧಿ ಕಟ್ಟೋಕೆ ನೀವು ಇದನ್ನು ಬಳಸೋದೇ ಅದರ ಅಣುವಿನಲ್ಲಿರುವ ಮೂರು ಮೂಲೆಯ ಉಂಗುರಕ್ಕಾಗಿ. ಬಿಗಿದು ಕೂತ ಆ ಉಂಗುರ ಅಮೀನ್ (ಸಾರಜನಕ ಇರುವ ಸಂಯುಕ್ತ) ಸಿಕ್ಕ ಕೂಡಲೇ ಬಿಚ್ಚಿಕೊಂಡು ಅದಕ್ಕೆ ಅಂಟುತ್ತದೆ. ನಮ್ಮ ಡಿಎನ್‌ಎಗೂ ಹಾಗೇ ಅಂಟಬಲ್ಲದು. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ ಇದನ್ನು 2ಎ ಗುಂಪಿನಲ್ಲಿ, ಅಂದರೆ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಸಾಲಿನಲ್ಲಿ ಇಟ್ಟಿದೆ. ಔಷಧಿ ಕಟ್ಟುವ ಗುಣವೂ ಕೆಡುಕು ಮಾಡುವ ಗುಣವೂ ಒಂದೇ ಅನ್ನೋದನ್ನು ಮರೀಬೇಡ.

ಲ್ಯಾಬ್‌ನಲ್ಲಿ ಎಲ್ಲರೂ ಹಾಕೋ ತೆಳು ನೀಲಿ ನೈಟ್ರೈಲ್ ಗ್ಲೌಸ್ ಇದಕ್ಕೆ ಸಾಲದು, ಬೇಗ ಒಳಗೆ ಇಳಿಯುತ್ತದೆ. ಬ್ಯೂಟೈಲ್ ರಬ್ಬರಿನದು ಬೇಕು. ಮೇಲೆ ಬಿದ್ದರೆ ಆಗಲೇ ಉರಿಯದೇ ಇರಬಹುದು. ಸುಟ್ಟ ಗುರುತು ಎಷ್ಟೋ ಹೊತ್ತಿನ ಮೇಲೆ ಏಳುತ್ತದೆ. ಉರಿ ಇಲ್ಲ ಅಂತ ಸುಮ್ನೆ ಕೂರಬೇಡ. ಗ್ಲೌಸ್ ಕಿತ್ತು, ಕನಿಷ್ಠ 15 ನಿಮಿಷ ನೀರು ಹಾಯಿಸಿ, ಡಾಕ್ಟರ ಹತ್ತಿರ ಹೋಗು. ಚರ್ಮದ ಚಪ್ಪಲಿ, ವಾಚಿನ ಪಟ್ಟಿ ನೆನೆದರೆ ಅದರಾಸೆ ಬಿಟ್ಟುಬಿಡು, ತೊಳೆದರೂ ಹೋಗಲ್ಲ.

ಇನ್ನು ಅದರ ಎಡ-ಬಲದ ವಿಷಯ. ಕನ್ನಡಿಯ ಬಿಂಬದ ಹಾಗೆ ಇದರ ಅಣುವಿಗೆ ಆರ್ ಮತ್ತು ಎಸ್ ಅಂತ ಎರಡು ರೂಪ; ಎರಡಕ್ಕೂ ಕುದಿಯುವ ಬಿಂದು ಒಂದೇ, ತೂಕ ಒಂದೇ. ಈ ಎರಡನ್ನು ಬೇರ್ಪಡಿಸಿ ತೋರಿಸುವ ಕೈರಲ್ ಕಾಲಮ್ ಹಾಕಿ ನೋಡದೆ ಲೇಬಲ್ ಮೇಲೆ ಭರವಸೆ ಇಡಬೇಡ. ಕ್ಲೋರೈಡ್ ಅಯಾನು ಸೇರಿದರಂತೂ ಎಡ-ಬಲದ ಶುದ್ಧತೆ ಕರಗುತ್ತಾ ಹೋಗುತ್ತದೆ. ಅದು ಉಂಗುರದ ತುದಿಗೆ ಬಂದು ಕೂತರೆ, ಇನ್ನೊಂದು ಕಡೆ ಮೊದಲೇ ಇರೋದೂ ಸೇರಿ ಎರಡೂ ಕಡೆ ಕ್ಲೋರಿನ್ ಆಯಿತು. ಆಮೇಲೆ ಉಂಗುರ ಯಾವ ಕಡೆಯಿಂದ ಬೇಕಾದರೂ ಮುಚ್ಚಿಕೊಳ್ಳಬಹುದು.

ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಲಿ. ಹೊರಗೆ ತೆಗೆದ ಮೇಲೆ ತಣುಪು ಆರುವ ತನಕ ಮುಚ್ಚಳ ತೆಗೀಬೇಡ, ಒಳಗೆ ನೀರು ಕೂರುತ್ತದೆ. ಉಳಿದದ್ದನ್ನು ಆಸಿಡ್, ಅಮೀನ್ ಇರೋ ವೇಸ್ಟ್ ಕ್ಯಾನಿಗೆ ಸುರಿದರೆ ಕಾವು ಏರಿ ಕ್ಯಾನೇ ಒಡೆಯಬಹುದು. ಅದಕ್ಕೆ ಬೇರೆ ಕ್ಯಾನ್ ಕೇಳು.

ಬ್ಯೂಟೈಲ್ ಗ್ಲೌಸ್ ಸ್ಟೋರಿನಲ್ಲಿ ಇಲ್ಲ ಅಂದರೆ ಇವತ್ತೇ ಇಂಡೆಂಟ್ ಹಾಕು. ಬರೋವರೆಗೂ ಬಾಟಲಿ ಫ್ರಿಜ್‌ನಲ್ಲೇ ಇರಲಿ. ಮೇಲಿನವರು ಅವಸರ ಮಾಡಿದರೆ ನನಗೆ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಪ್ಪ